ಅಕ್ಷರಪರೀಕ್ಷೆ ಮತ್ತು ಮತಾಧಿಕಾರ: ಅಮೆರಿಕದ ದಕ್ಷಿಣ ರಾಜ್ಯಗಳ ಅನುಭವ (೧೮೯೦–೧೯೬೫)

೧೯೫೧–೫೨ರಲ್ಲಿ ನಡೆದ ನಮ್ಮ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆಯನ್ನು ಇಡಲಾಗಿತ್ತು. ಪೆಟ್ಟಿಗೆಗೆ ಆತನ ಚಿಹ್ನೆಯನ್ನು ಅಂಟಿಸಲಾಗಿತ್ತು. ಮತದಾರನು ಚೀಟಿಯ ಮೇಲೆ ಏನನ್ನೂ ಬರೆಯಬೇಕಾಗಿರಲಿಲ್ಲ. ಏನನ್ನೂ ಓದಬೇಕಾಗಿಯೂ ಇರಲಿಲ್ಲ. ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯನ್ನು ಗುರುತಿಸಿ ಅದರೊಳಗೆ ಚೀಟಿಯನ್ನು ಹಾಕಿದರೆ ಸಾಕಾಗಿತ್ತು. ಇದಕ್ಕೆ ಎಪ್ಪತ್ತು ವರ್ಷಗಳ ಹಿಂದೆ, ೧೮೮೨ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನ ರಾಜ್ಯವೂ ಹಲವು ಪೆಟ್ಟಿಗೆಗಳ ಒಂದು ಪದ್ಧತಿಯನ್ನು ಜಾರಿಗೆ ತಂದಿತ್ತು. ‘ಎಂಟು ಪೆಟ್ಟಿಗೆಗಳ ಕಾನೂನು’ ಎಂದೇ ಅದು ಪ್ರಸಿದ್ಧ. ರಾಜ್ಯಪಾಲನ ಆಯ್ಕೆಗೆ ಒಂದು ಪೆಟ್ಟಿಗೆ, ಕಾಂಗ್ರೆಸ್ ಸದಸ್ಯನ ಆಯ್ಕೆಗೆ ಇನ್ನೊಂದು, ಹೀಗೆ ಹುದ್ದೆಗೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಇದ್ದುದು ಅಕ್ಷರ ಮಾತ್ರ, ಚಿತ್ರವಲ್ಲ. ತಪ್ಪು ಪೆಟ್ಟಿಗೆಗೆ ಬಿದ್ದ ಚೀಟಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಬ್ಬರಿಂದೊಬ್ಬರು ಕೇಳಿ ತಿಳಿದು ಬರುವ ಮತದಾರರನ್ನು ಗೊಂದಲಕ್ಕೆ ಕೆಡವಲು ಚುನಾವಣಾ ಸಿಬ್ಬಂದಿ ಪೆಟ್ಟಿಗೆಗಳ ಸ್ಥಾನವನ್ನು ನಡುನಡುವೆ ಬದಲಾಯಿಸುತ್ತಿದ್ದುದೂ ಉಂಟು.

ಅಕ್ಷರ ಬಾರದವನು ಮತ ಹಾಕುವಂತಾಗಲೆಂದು ಒಂದು ದೇಶ ಯೋಚಿಸಿದ ಉಪಾಯ, ಅವನು ಹಾಕದಂತಾಗಲೆಂದು ಇನ್ನೊಂದು ದೇಶ ಯೋಚಿಸಿದ ಉಪಾಯವನ್ನು ಹೊರನೋಟಕ್ಕೆ ಇಷ್ಟೊಂದು ಹೋಲುತ್ತದೆ. ಆದರೆ ದಕ್ಷಿಣ ರಾಜ್ಯಗಳ ಅಕ್ಷರಪರೀಕ್ಷೆಯನ್ನು ಕೇವಲ ‘ನಿರಕ್ಷರಿಗಳನ್ನು ಹೊರಗಿಟ್ಟ ಕ್ರಮ’ ಎಂದು ವಿವರಿಸಿದರೆ ವಿಷಯದ ಅರ್ಧ ಭಾಗ ಬಿಟ್ಟುಹೋಗುತ್ತದೆ. ೧೮೯೦ರಿಂದ ಮುಂದಿನ ಪರೀಕ್ಷೆಗಳು ಓದು ಬಾರದ ಬಿಳಿಯನನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದವು, ಓದು ಬಲ್ಲ ಕರಿಯನನ್ನು ಹೊರಗೆ ತಳ್ಳುತ್ತಿದ್ದವು. ಪರೀಕ್ಷೆಯ ತಿರುಳು ಅಕ್ಷರವಲ್ಲ, ಪರೀಕ್ಷಕನಿಗೆ ದೊರೆತ ಅಧಿಕಾರ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ದಾಖಲೆಗಳ ಮೂಲಕ ತೋರಿಸಲು ಯತ್ನಿಸಲಾಗಿದೆ.

ಮೊದಲಿಗೆ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಮತದಾನಕ್ಕೆ ಅಕ್ಷರಜ್ಞಾನವನ್ನು ಷರತ್ತಾಗಿ ಒಡ್ಡಿದ ಕ್ರಮ ದಕ್ಷಿಣದಲ್ಲಿ ಹುಟ್ಟಿದ್ದಲ್ಲ. ೧೮೫೫ರಲ್ಲಿ ಕನೆಕ್ಟಿಕಟ್, ೧೮೫೭ರಲ್ಲಿ ಮ್ಯಾಸಚೂಸೆಟ್ಸ್ ಈ ಷರತ್ತನ್ನು ವಿಧಿಸಿದವು. ಎರಡೂ ಉತ್ತರದ ರಾಜ್ಯಗಳು. ಅವುಗಳ ಗುರಿ ಐರ್ಲೆಂಡಿನಿಂದ ಬಂದಿಳಿಯುತ್ತಿದ್ದ ಬಡ ವಲಸೆಗಾರರು. ಈ ಹಿನ್ನೆಲೆಗೆ ಮುಂದೆ ಬಹಳ ಮಹತ್ವ ಬಂದಿತು. ಅಂತರ್ಯುದ್ಧದ ನಂತರ, ಬಿಡುಗಡೆ ಹೊಂದಿದ ಗುಲಾಮರಿಗೆ ಮತಾಧಿಕಾರವನ್ನು ಖಾತ್ರಿಪಡಿಸುವ ಹದಿನೈದನೆಯ ತಿದ್ದುಪಡಿ ೧೮೬೯ರಲ್ಲಿ ಚರ್ಚೆಗೆ ಬಂದಾಗ, ಮ್ಯಾಸಚೂಸೆಟ್ಸಿನ ಸೆನೆಟರ್ ಹೆನ್ರಿ ವಿಲ್ಸನ್ ಒಂದು ವಿಶಾಲವಾದ ಕರಡನ್ನು ಮುಂದಿಟ್ಟನು. ವರ್ಣ, ಜನಾಂಗಗಳ ಜೊತೆಗೆ ಆಸ್ತಿ, ವಿದ್ಯೆ, ಧರ್ಮಗಳ ಆಧಾರದ ಮೇಲೂ ಮತಾಧಿಕಾರವನ್ನು ನಿರಾಕರಿಸಬಾರದೆಂಬುದು ಅದರ ಆಶಯ. ಅದು ಕೊನೆಯಲ್ಲಿ ಉಳಿಯಲಿಲ್ಲ. ತಮ್ಮ ತಮ್ಮ ರಾಜ್ಯಗಳಲ್ಲಿ ವಲಸೆಗಾರರನ್ನು ದೂರವಿಡುವ ಸಾಧನವನ್ನು ಕೈಬಿಡಲು ಹಲವರಿಗೆ ಮನಸ್ಸಿರಲಿಲ್ಲ. ೧೮೭೦ರಲ್ಲಿ ಅಂಗೀಕಾರಗೊಂಡ ತಿದ್ದುಪಡಿ ಜನಾಂಗ, ವರ್ಣ, ಹಿಂದಿನ ದಾಸ್ಯ ಎಂಬ ಮೂರು ಕಾರಣಗಳನ್ನು ಮಾತ್ರ ನಿಷೇಧಿಸಿತು. ವಿದ್ಯೆಯ ಬಾಗಿಲು ತೆರೆದೇ ಉಳಿಯಿತು.

ಆ ಬಾಗಿಲಿನಲ್ಲಿ ನಿಲ್ಲಬೇಕಾದವರಾದರೂ ಯಾರು? ದಕ್ಷಿಣ ಕೆರೊಲಿನದ ೧೭೪೦ರ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನು ದಂಡನಾರ್ಹ ಅಪರಾಧವೆಂದು ಸಾರಿತ್ತು. ಜಾರ್ಜಿಯ, ಉತ್ತರ ಕೆರೊಲಿನ, ವರ್ಜೀನಿಯ, ಅಲಬಾಮ ರಾಜ್ಯಗಳು ೧೮೨೯ರಿಂದ ೧೮೩೨ರವರೆಗಿನ ಅವಧಿಯಲ್ಲಿ ಇಂಥದೇ ಕಾನೂನುಗಳನ್ನು ತಂದವು, ಇಲ್ಲವೆ ಇದ್ದುದನ್ನು ಬಿಗಿಗೊಳಿಸಿದವು. ತಾನೇ ನಿಷೇಧಿಸಿದ್ದ ಅಕ್ಷರವನ್ನು ಎರಡು ತಲೆಮಾರುಗಳ ನಂತರ ಪ್ರಭುತ್ವವೇ ಅರ್ಹತೆಯಾಗಿ ಕೇಳಿತು.

೧೮೯೦ರಲ್ಲಿ ಮಿಸಿಸಿಪಿ ರಾಜ್ಯವು ಹೊಸ ಸಂವಿಧಾನವನ್ನು ರಚಿಸಿಕೊಂಡಿತು. ಆ ರಾಜ್ಯದಲ್ಲಿ ಕರಿಯರೇ ಬಹುಸಂಖ್ಯಾತರಾಗಿದ್ದರೂ ಸಂವಿಧಾನ ಸಮಾವೇಶದಲ್ಲಿ ಅವರ ಪೈಕಿ ಇದ್ದ ಪ್ರತಿನಿಧಿ ಒಬ್ಬನೇ: ಮೌಂಡ್ ಬಯೂ ಎಂಬ ಕರಿಯರ ಊರನ್ನು ಸ್ಥಾಪಿಸಿದ ಐಸಾಯ ಮಾಂಟ್ಗೊಮೆರಿ. ಅವನು ಈ ನಿರ್ಬಂಧಗಳ ಪರವಾಗಿಯೇ ಮತ ಹಾಕಿದನು. ಶಾಂತಿಗಾಗಿ ತೆತ್ತ ಬೆಲೆ ಎಂದು ಅವನು ಅದನ್ನು ಭಾವಿಸಿದ್ದಿರಬಹುದು. ಅವನ ಜನ ಅವನನ್ನು ಸುಲಭವಾಗಿ ಕ್ಷಮಿಸಲಿಲ್ಲ. ಈ ಸಂವಿಧಾನದ ೨೪೪ನೆಯ ವಿಧಿ ನಮ್ಮ ಚರ್ಚೆಗೆ ಮುಖ್ಯವಾದುದು. ಅದರ ಪ್ರಕಾರ ಮತದಾರನು ರಾಜ್ಯ ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬಲ್ಲವನಾಗಿರಬೇಕು. ಅಥವಾ ಓದಿ ಹೇಳಿದರೆ ಅರ್ಥಮಾಡಿಕೊಳ್ಳಬಲ್ಲವನಾಗಿರಬೇಕು. ಅಥವಾ ಅದಕ್ಕೆ ಸಮಂಜಸವಾದ ವಿವರಣೆ ಕೊಡಬಲ್ಲವನಾಗಿರಬೇಕು. ಎರಡು ‘ಅಥವಾ’ಗಳು ಮೇಲುನೋಟಕ್ಕೆ ಔದಾರ್ಯದಂತೆ ಕಾಣುತ್ತವೆ. ವಾಸ್ತವವಾಗಿ ಅವು ಓದು ಬಾರದ ಬಡ ಬಿಳಿಯರಿಗಾಗಿ ತೆರೆದಿಟ್ಟ ಹಿತ್ತಿಲ ಬಾಗಿಲು. ವಿವರಣೆ ಸಮಂಜಸವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವವನು ನೋಂದಣಿ ಅಧಿಕಾರಿ. ಅವನು ಯಾವ ಭಾಗವನ್ನು ಕೇಳಬೇಕು, ಎಷ್ಟು ಹೊತ್ತು ಕೇಳಬೇಕು, ಯಾವ ಉತ್ತರಕ್ಕೆ ಒಪ್ಪಬೇಕು ಎಂಬುದನ್ನು ಕಾನೂನು ಹೇಳಲಿಲ್ಲ. ಈ ಮೌನವೇ ಕಾನೂನಿನ ಜೀವಾಳವಾಗಿತ್ತು.

ವರ್ಣದ ಹೆಸರೆತ್ತದ ಈ ಕಾನೂನಿಗೆ ಸುಪ್ರೀಂ ಕೋರ್ಟಿನ ಒಪ್ಪಿಗೆಯೂ ದೊರೆಯಿತು. ೧೮೯೮ರ ವಿಲಿಯಮ್ಸ್ ಮೊಕದ್ದಮೆಯಲ್ಲಿ ನ್ಯಾಯಾಲಯವು, ಈ ವಿಧಿಗಳು ತಮ್ಮ ಮಾತಿನಲ್ಲಿ ಜನಾಂಗಗಳ ನಡುವೆ ಭೇದವೆಣಿಸುವುದಿಲ್ಲ, ಅವುಗಳ ಆಚರಣೆ ಕೆಟ್ಟದಾಗಿತ್ತೆಂಬುದು ಸಾಬೀತಾಗಿಲ್ಲ ಎಂದು ಒಮ್ಮತದಿಂದ ತೀರ್ಪಿತ್ತಿತು. ಅಲಬಾಮದಿಂದ ಬಂದ ೧೯೦೩ರ ಜೈಲ್ಸ್ ಮೊಕದ್ದಮೆ ಇನ್ನೂ ವಿಚಿತ್ರವಾದುದು. ಇಡೀ ನೋಂದಣಿ ವ್ಯವಸ್ಥೆಯೇ ಮೋಸವೆಂಬುದು ಅರ್ಜಿದಾರನ ವಾದ. ಮೋಸದ ಪಟ್ಟಿಗೆ ಇನ್ನೊಂದು ಹೆಸರನ್ನು ಸೇರಿಸುವುದರಿಂದ ಏನು ಪ್ರಯೋಜನ ಎಂದು ನ್ಯಾಯಮೂರ್ತಿ ಹೋಮ್ಸ್ ಕೇಳಿದನು. ಪರಿಹಾರವನ್ನು ರಾಜಕೀಯ ಮಾರ್ಗದಲ್ಲಿ ಹುಡುಕಬೇಕೆಂದೂ ಸೂಚಿಸಿದನು. ಮತವೇ ಇಲ್ಲದವನಿಗೆ ರಾಜಕೀಯ ಮಾರ್ಗವನ್ನು ತೋರಿಸಿದ ಈ ತೀರ್ಪನ್ನು ಓದುವಾಗ ಹೋಮ್ಸನ ಖ್ಯಾತಿಯನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ಈ ಮೊಕದ್ದಮೆಯ ವೆಚ್ಚವನ್ನು ಗುಟ್ಟಾಗಿ ಭರಿಸಿದವನು ಟಸ್ಕೀಗಿ ವಿದ್ಯಾಸಂಸ್ಥೆಯ ಬುಕರ್ ಟಿ. ವಾಷಿಂಗ್ಟನ್ ಎಂಬುದು ಆ ಮೇಲೆ ಬೆಳಕಿಗೆ ಬಂದ ಸಂಗತಿ. ಬಹಿರಂಗದಲ್ಲಿ ಅವನು ಮತಾಧಿಕಾರಕ್ಕಿಂತ ಕಸುಬಿನ ಶಿಕ್ಷಣವೇ ಮೊದಲೆಂದು ಬೋಧಿಸುತ್ತಿದ್ದವನು.

ಮಿಸಿಸಿಪಿಯ ಮಾದರಿಯನ್ನು ಇತರ ರಾಜ್ಯಗಳು ಬೇಗನೆ ಅನುಸರಿಸಿದವು: ದಕ್ಷಿಣ ಕೆರೊಲಿನ ೧೮೯೫, ಲೂಸಿಯಾನ ೧೮೯೮, ಉತ್ತರ ಕೆರೊಲಿನ ೧೯೦೦, ಅಲಬಾಮ ೧೯೦೧, ವರ್ಜೀನಿಯ ೧೯೦೨, ಜಾರ್ಜಿಯ ೧೯೦೮. ಲೂಸಿಯಾನ ಒಂದು ಹೆಜ್ಜೆ ಮುಂದೆ ಹೋಗಿ ‘ಅಜ್ಜನ ವಿಧಿ’ಯನ್ನು ಕಂಡುಹಿಡಿಯಿತು. ೧೮೬೭ರ ಜನವರಿ ೧ರಂದು ಮತಾಧಿಕಾರ ಉಳ್ಳವನಾಗಿದ್ದವನಿಗೆ, ಅವನ ಮಗನಿಗೆ, ಮೊಮ್ಮಗನಿಗೆ ಅಕ್ಷರದ ಷರತ್ತು ಅನ್ವಯಿಸುವುದಿಲ್ಲ. ಆ ದಿನಾಂಕದಂದು ಲೂಸಿಯಾನದಲ್ಲಿ ಕರಿಯರಿಗೆ ಮತವಿರಲಿಲ್ಲವಾದ್ದರಿಂದ ಈ ವಿನಾಯಿತಿ ಯಾರಿಗೆ ಸೇರಿದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ರಾಜ್ಯದಲ್ಲಿ ೧೮೯೬ರ ಸುಮಾರಿಗೆ ೧,೩೦,೦೦೦ಕ್ಕೂ ಮಿಕ್ಕಿದ್ದ ಕರಿಯ ಮತದಾರರ ಸಂಖ್ಯೆ ೧೯೦೦ರಲ್ಲಿ ೫,೩೨೦ಕ್ಕೆ, ೧೯೦೪ರಲ್ಲಿ ೧,೩೪೨ಕ್ಕೆ ಇಳಿಯಿತು. ಇಂಥ ವಿಧಿಯನ್ನು ೧೯೧೦ರಲ್ಲಿ ಅಳವಡಿಸಿಕೊಂಡ ಒಕ್ಲಹೋಮದ ಕಾನೂನನ್ನು ಸುಪ್ರೀಂ ಕೋರ್ಟು ೧೯೧೫ರಲ್ಲಿ ರದ್ದುಗೊಳಿಸಿತು. ಒಕ್ಲಹೋಮ ಸೋಲೊಪ್ಪಲಿಲ್ಲ. ಹಿಂದೆ ಮತ ಹಾಕಿದ್ದವರ ಹೆಸರುಗಳನ್ನು ತಾನಾಗಿಯೇ ಉಳಿಸಿಕೊಂಡು, ಉಳಿದವರಿಗೆ ೧೯೧೬ರಲ್ಲಿ ಹನ್ನೆರಡು ದಿನಗಳ ನೋಂದಣಿ ಅವಧಿಯನ್ನು ಕೊಟ್ಟಿತು. ಆ ಹನ್ನೆರಡು ದಿನ ತಪ್ಪಿದರೆ ಜೀವಮಾನವಿಡೀ ಅವಕಾಶ ತಪ್ಪಿತು. ಅದನ್ನೂ ರದ್ದುಪಡಿಸಲು ೧೯೩೯ರವರೆಗೆ ಕಾಯಬೇಕಾಯಿತು.

ಕಾಲ ಕಳೆದಂತೆ ಕರಿಯರಲ್ಲಿ ಶಿಕ್ಷಣ ಹರಡಿತು. ಅಕ್ಷರಪರೀಕ್ಷೆಯ ಉದ್ದೇಶ ನಿಜಕ್ಕೂ ಅಕ್ಷರವೇ ಆಗಿದ್ದರೆ ಇದರಿಂದ ಪರೀಕ್ಷೆ ತಾನಾಗಿ ನಿರುಪಯುಕ್ತವಾಗಬೇಕಿತ್ತು. ಆದದ್ದು ಇದಕ್ಕೆ ವಿರುದ್ಧ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟು ಹೇಳಿದ ೧೯೫೪ರಲ್ಲಿಯೇ ಮಿಸಿಸಿಪಿ ತನ್ನ ೨೪೪ನೆಯ ವಿಧಿಯನ್ನು ತಿದ್ದಿತು. ಓದಬಲ್ಲವನು ‘ಅಥವಾ’ ವಿವರಿಸಬಲ್ಲವನು ಎಂದಿದ್ದುದು ಈಗ ಓದಿ, ಬರೆದು, ‘ಮತ್ತು’ ವಿವರಿಸಬಲ್ಲವನು ಎಂದಾಯಿತು. ಪೌರನ ಕರ್ತವ್ಯಗಳೇನೆಂಬುದನ್ನು ಅಧಿಕಾರಿಗೆ ಸಮಾಧಾನವಾಗುವಂತೆ ಬರೆದು ತೋರಿಸುವ ಹೊಸ ಷರತ್ತೂ ಸೇರಿಕೊಂಡಿತು. ಮೊದಲೇ ಪಟ್ಟಿಯಲ್ಲಿದ್ದವರಿಗೆ, ಎಂದರೆ ಬಹುಮಟ್ಟಿಗೆ ಬಿಳಿಯರಿಗೆ, ಇದು ಅನ್ವಯಿಸುತ್ತಿರಲಿಲ್ಲ. ಒಂದು ಅವ್ಯಯದ ಬದಲಾವಣೆ ಇಷ್ಟು ಜನರ ಹಣೆಬರಹವನ್ನು ಬರೆದ ಉದಾಹರಣೆ ಕಾನೂನಿನ ಭಾಷೆಯ ಇತಿಹಾಸದಲ್ಲಿ ಹೆಚ್ಚು ಸಿಗಲಾರದು.

ಪರೀಕ್ಷೆಯ ಕೊಠಡಿಯೊಳಗೆ ನಡೆಯುತ್ತಿದ್ದುದೇನೆಂಬುದಕ್ಕೆ ಇಂದು ಹೇರಳವಾದ ದಾಖಲೆ ಲಭ್ಯವಿದೆ. ೧೯೬೦ರ ನಾಗರಿಕ ಹಕ್ಕುಗಳ ಕಾಯಿದೆಯು ನೋಂದಣಿ ಕಚೇರಿಗಳ ಕಡತಗಳನ್ನು ಪರಿಶೀಲಿಸುವ ಅಧಿಕಾರವನ್ನು ಕೇಂದ್ರದ ನ್ಯಾಯ ಇಲಾಖೆಗೆ ನೀಡಿದ್ದರಿಂದ, ಬಿಳಿಯರ ಅರ್ಜಿಗಳನ್ನೂ ಕರಿಯರ ಅರ್ಜಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಮೊದಲ ಬಾರಿಗೆ ಸಾಧ್ಯವಾಯಿತು. ಲೂಸಿಯಾನದ ಅರ್ಜಿ ನಮೂನೆಯಲ್ಲಿ ಅರ್ಜಿದಾರನು ತನ್ನ ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿ ಬರೆಯಬೇಕಿತ್ತು. ಒಂದು ದಿನದ ಲೆಕ್ಕ ತಪ್ಪಿದರೂ ಅರ್ಜಿಯನ್ನು ತಿರಸ್ಕರಿಸಬಹುದಾಗಿತ್ತು. ಅದೇ ರಾಜ್ಯದಲ್ಲಿ ವಾಕ್ ಸ್ವಾತಂತ್ರ್ಯದ ವಿಧಿಗೆ ವಿವರಣೆ ಬರೆಯಲು ಹೇಳಿದಾಗ ಒಬ್ಬ ಬಿಳಿಯ ಅರ್ಜಿದಾರನು ಬರೆದದ್ದು ಮೂರೇ ಮಾತು. ಮೂರರ ಕಾಗುಣಿತವೂ ತಪ್ಪು. ‘ವಾಕ್ ಸ್ವಾತಂತ್ರ್ಯ’ ಎಂದು ಬರೆಯಲು ಹೊರಟಿದ್ದನೆಂದು ಊಹಿಸಿ ಓದಬೇಕಾದ ಆ ಉತ್ತರವನ್ನು ಅಧಿಕಾರಿ ತೃಪ್ತಿಕರವೆಂದು ಸ್ವೀಕರಿಸಿದ್ದನು. ಈ ಉತ್ತರ ನ್ಯಾಯಾಲಯದ ದಾಖಲೆಯನ್ನು ಸೇರಿ ಪ್ರಸಿದ್ಧವಾಯಿತು. ೧೯೬೫ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಲೂಸಿಯಾನದ ವಿವರಣೆಯ ಪರೀಕ್ಷೆಯನ್ನು ತಳ್ಳಿಹಾಕಿತು. ತೀರ್ಪನ್ನು ಬರೆದವನು ಅಲಬಾಮದವನೇ ಆದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್.

ಟಸ್ಕೀಗಿ ಇರುವ ಅಲಬಾಮದ ಮೇಕನ್ ಕೌಂಟಿಯ ನಿದರ್ಶನ ನಮ್ಮ ವಾದಕ್ಕೆ ಎಲ್ಲಕ್ಕಿಂತ ಬಲವಾದ ಆಧಾರ. ಅಲ್ಲಿಯ ವಿದ್ಯಾಸಂಸ್ಥೆಯ ಕಾರಣದಿಂದ ಕರಿಯರಲ್ಲಿ ಪದವೀಧರರೂ ಪ್ರಾಧ್ಯಾಪಕರೂ ದೊಡ್ಡ ಸಂಖ್ಯೆಯಲ್ಲಿದ್ದರು. ಡಾಕ್ಟರೇಟ್ ಪಡೆದವರೂ ಅಕ್ಷರಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಪ್ರಾಥಮಿಕ ಶಾಲೆಯನ್ನೂ ಮುಗಿಸದ ಬಿಳಿಯರು ಅಧಿಕಾರಿಗಳ ನೆರವಿನಿಂದ ಉತ್ತೀರ್ಣರಾದರು. ೧೯೬೧ರಲ್ಲಿ ನ್ಯಾಯಾಧೀಶ ಫ್ರ್ಯಾಂಕ್ ಜಾನ್ಸನ್ ಇದನ್ನು ಸಾಕ್ಷ್ಯಸಮೇತ ದಾಖಲಿಸಿದನು. ಅದೇ ರಾಜ್ಯದ ಲೌಂಡ್ಸ್ ಕೌಂಟಿಯಲ್ಲಿ ಕರಿಯರೇ ಬಹುಸಂಖ್ಯಾತರಾಗಿದ್ದರೂ ೧೯೬೫ರ ಆರಂಭದವರೆಗೆ ಅವರಲ್ಲಿ ಒಬ್ಬನ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ.

ಪರೀಕ್ಷೆ ಕೊಠಡಿಯಲ್ಲಿಯೇ ಮುಗಿಯುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಮಿಸಿಸಿಪಿಯ ೧೯೬೨ರ ಕಾನೂನಿನಂತೆ ಅರ್ಜಿದಾರರ ಹೆಸರುಗಳನ್ನು ಸ್ಥಳೀಯ ಪತ್ರಿಕೆಯಲ್ಲಿ ಎರಡು ವಾರ ಪ್ರಕಟಿಸಬೇಕಿತ್ತು. ಜಮೀನ್ದಾರನಿಗೆ, ಸಾಲ ಕೊಟ್ಟವನಿಗೆ, ಮುಸುಕುಧಾರಿಗಳಿಗೆ ಅದು ಸಿದ್ಧಪಟ್ಟಿ. ಅದೇ ವರ್ಷದ ಆಗಸ್ಟ್ ೩೧ರಂದು ಹತ್ತಿತೋಟದ ಕೂಲಿ ಫ್ಯಾನಿ ಲೂ ಹೇಮರ್ ಇಂಡಿಯನೋಲದ ನ್ಯಾಯಾಲಯದ ಕಟ್ಟಡಕ್ಕೆ ಹೋದಳು. ಅವಳ ಮುಂದಿಟ್ಟದ್ದು ರಾಜ್ಯ ಸಂವಿಧಾನದ ೧೬ನೆಯ ವಿಧಿ. ಕೃತ್ಯ ನಡೆದ ನಂತರ ಮಾಡಿದ ಕಾನೂನಿನಿಂದ ಅದನ್ನು ಅಪರಾಧವೆಂದು ದಂಡಿಸಬಾರದು ಎಂಬ ತತ್ತ್ವಕ್ಕೆ ಸಂಬಂಧಿಸಿದ್ದು. ಅದನ್ನು ನಕಲು ಮಾಡಿದಳು, ವಿವರಿಸಲಾರದೆ ಹೋದಳು. ವಕೀಲಿ ಓದಿದವರೂ ತಡವರಿಸಬಹುದಾದ ವಿಧಿಯದು. ಸಂಜೆ ಮನೆಗೆ ಮರಳುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಹದಿನೆಂಟು ವರ್ಷ ದುಡಿದ ತೋಟದಿಂದ ಅಂದೇ ಅವಳನ್ನು ಹೊರಹಾಕಲಾಯಿತು. ೧೯೬೩ರ ಜನವರಿಯಲ್ಲಿ ಅವಳು ಮತ್ತೆ ಹೋಗಿ ಪರೀಕ್ಷೆಯಲ್ಲಿ ಉತ್ತೀರ್ಣಳಾದಳು.

ಇಂಥ ಪರೀಕ್ಷೆಯನ್ನು ಎದುರಿಸಲು ಕರಿಯರು ಕಂಡುಕೊಂಡ ದಾರಿಗಳಲ್ಲಿ ಒಂದು, ಅಕ್ಷರವನ್ನೇ ತಮ್ಮ ಕೈಗೆ ತೆಗೆದುಕೊಂಡದ್ದು. ದಕ್ಷಿಣ ಕೆರೊಲಿನದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬವನು ಬಸ್ಸು ಓಡಿಸುತ್ತಿದ್ದನು. ಚಾರ್ಲ್ಸ್ಟನ್ ನಗರಕ್ಕೆ ಕೆಲಸಕ್ಕೆ ಹೋಗುವ ಪ್ರಯಾಣಿಕರಿಗೆ ದಾರಿಯುದ್ದಕ್ಕೂ ರಾಜ್ಯ ಸಂವಿಧಾನದ ಭಾಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದನು. ಬಾಯಿಪಾಠದಿಂದ ಅಧಿಕಾರಿಯನ್ನು ದಾಟಬಹುದು, ಆದರೆ ಓದು ಬಾರದು. ಅವನ ಒತ್ತಾಯದ ಮೇರೆಗೆ ಹೈಲ್ಯಾಂಡರ್ ಜಾನಪದ ಶಾಲೆಯ ನೆರವಿನಿಂದ ೧೯೫೭ರ ಜನವರಿ ೭ರಂದು ಮೊದಲ ‘ಪೌರತ್ವ ಶಾಲೆ’ ಆರಂಭವಾಯಿತು. ಬಿಳಿಯರಿಗೆ ಸಂಶಯ ಬರಬಾರದೆಂದು ಮುಂದುಗಡೆ ಕಿರಾಣಿ ಅಂಗಡಿಯನ್ನಿಟ್ಟು ಹಿಂದಿನ ಕೋಣೆಯಲ್ಲಿ ಪಾಠ ನಡೆಸಿದರು. ಉಪಾಧ್ಯಾಯಿನಿ ಬರ್ನೀಸ್ ರಾಬಿನ್ಸನ್ ತರಬೇತಿ ಹೊಂದಿದವಳಲ್ಲ. ಕೇಶಾಲಂಕಾರ, ಹೊಲಿಗೆ ಅವಳ ಕಸುಬು. ದೊಡ್ಡವರನ್ನು ಮಕ್ಕಳ ಪಾಠಪುಸ್ತಕದೆದುರು ಕೂರಿಸಲು ಅವಳಿಗೆ ಮನಸ್ಸಾಗಲಿಲ್ಲ. ತಮ್ಮ ಹೆಸರು ಬರೆಯುವುದು, ಅಂಚೆಯಲ್ಲಿ ಸಾಮಾನು ತರಿಸುವ ನಮೂನೆ ತುಂಬುವುದು, ಮತದಾರರ ಅರ್ಜಿ ಓದುವುದು, ಇವೇ ಪಾಠಗಳಾದವು. ಈ ಯೋಜನೆಯ ಹಿಂದಿದ್ದ ಸೆಪ್ಟಿಮ ಕ್ಲಾರ್ಕ್ ಕರಿಯರ ಹಕ್ಕುಗಳ ಸಂಘವೊಂದರ ಸದಸ್ಯತ್ವವನ್ನು ಬಿಡಲೊಪ್ಪದೆ ೧೯೫೬ರಲ್ಲಿ ಶಾಲಾ ಉಪಾಧ್ಯಾಯಿನಿಯ ಕೆಲಸವನ್ನು ಕಳೆದುಕೊಂಡವಳು. ೧೯೬೧ರಲ್ಲಿ ಈ ಶಾಲೆಗಳು ಮಾರ್ಟಿನ್ ಲೂಥರ್ ಕಿಂಗ್ ನೇತೃತ್ವದ ಸಂಸ್ಥೆಗೆ ಸೇರಿ ದಕ್ಷಿಣದಾದ್ಯಂತ ಹರಡಿದವು. ಹೋರಾಟದ ಇತಿಹಾಸದಲ್ಲಿ ಮೆರವಣಿಗೆಗಳಿಗೆ ಸಿಕ್ಕ ಸ್ಥಾನ ಈ ಹಿಂಗೋಣೆಯ ಶಾಲೆಗಳಿಗೆ ಸಿಕ್ಕಿಲ್ಲ.

ಆದರೂ ಕಲಿಕೆಯಿಂದ ಮಾತ್ರ ಬಾಗಿಲು ತೆರೆಯಲಿಲ್ಲ; ಒಂದೊಂದೇ ಮೊಕದ್ದಮೆಯಿಂದಲೂ ತೆರೆಯಲಿಲ್ಲ. ಸೆಲ್ಮ ನಗರವಿರುವ ಡಾಲಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಕರಿಯರು ಸುಮಾರು ೧೫,೦೦೦; ೧೯೬೧ರಲ್ಲಿ ನೋಂದಣಿಯಾಗಿದ್ದವರು ೧೫೬. ನಾಲ್ಕು ವರ್ಷ ವ್ಯಾಜ್ಯ ನಡೆದ ಮೇಲೆ ಅದು ೩೮೩ ಆಯಿತು. ಮಿಸಿಸಿಪಿಯಲ್ಲಿ ೧೯೫೪ರಲ್ಲಿ ಶೇಕಡ ೪.೪ ಇದ್ದ ಕರಿಯರ ನೋಂದಣಿ ಹತ್ತು ವರ್ಷಗಳ ನಂತರ ಶೇಕಡ ೬.೪. ೧೯೬೫ರ ಆಗಸ್ಟ್ ೬ರಂದು ಸಹಿಯಾದ ಮತದಾನ ಹಕ್ಕುಗಳ ಕಾಯಿದೆಯು, ಅಧಿಕಾರಿಯ ಪಕ್ಷಪಾತವನ್ನು ಪ್ರತಿಯೊಂದು ಪ್ರಕರಣದಲ್ಲಿ ಸಾಬೀತುಪಡಿಸುವ ಗೋಜನ್ನೇ ಬಿಟ್ಟಿತು. ೧೯೬೪ರಲ್ಲಿ ಪರೀಕ್ಷೆ ಜಾರಿಯಲ್ಲಿದ್ದು, ವಯಸ್ಕರಲ್ಲಿ ಅರ್ಧದಷ್ಟೂ ಜನ ನೋಂದಣಿಯಾಗದ ಇಲ್ಲವೆ ಮತ ಹಾಕದ ಪ್ರದೇಶಗಳಲ್ಲಿ ಪರೀಕ್ಷೆಯನ್ನೇ ಅಮಾನತುಗೊಳಿಸಿತು. ೧೯೬೭ರ ಹೊತ್ತಿಗೆ ಮಿಸಿಸಿಪಿಯ ಪ್ರಮಾಣ ಶೇಕಡ ೬೦ರ ಸಮೀಪಕ್ಕೆ ಏರಿತ್ತು. ಎರಡು ವರ್ಷಗಳಲ್ಲಿ ಜನರ ಸಾಕ್ಷರತೆ ಹತ್ತು ಪಟ್ಟು ಬೆಳೆಯುವುದಿಲ್ಲ. ೧೯೭೦ರಲ್ಲಿ ಅಮಾನತು ದೇಶಕ್ಕೆಲ್ಲ ಅನ್ವಯಿಸಿತು, ೧೯೭೫ರಲ್ಲಿ ಶಾಶ್ವತವಾಯಿತು. ಪ್ರದೇಶಗಳನ್ನು ಗುರುತಿಸುವ ಸೂತ್ರವನ್ನು ಸುಪ್ರೀಂ ಕೋರ್ಟು ೨೦೧೩ರಲ್ಲಿ ರದ್ದುಮಾಡಿದರೂ ಪರೀಕ್ಷೆಯ ಮೇಲಿನ ನಿಷೇಧಕ್ಕೆ ಅದರಿಂದ ಧಕ್ಕೆ ತಗಲಲಿಲ್ಲ.

ನಾಡಿನ ಹೊರಗಿದ್ದು ಕನ್ನಡದ ಕೆಲಸ ಮಾಡುವ ನಮಗೆ ಇದೇ ಕಾಯಿದೆಯ ಇನ್ನೊಂದು ಭಾಗ ವಿಶೇಷವಾಗಿ ಕುತೂಹಲಕರ. ಅಕ್ಷರ ಎಂದರೆ ಯಾವ ಭಾಷೆಯ ಅಕ್ಷರ? ನ್ಯೂಯಾರ್ಕ್ ರಾಜ್ಯ ೧೯೨೧ರಲ್ಲಿ ಇಂಗ್ಲಿಷ್ ಓದು-ಬರಹವನ್ನು ಷರತ್ತಾಗಿಸಿತ್ತು. ಯಿಡ್ಡಿಷ್ ಪತ್ರಿಕೆಯನ್ನು ದಿನವೂ ಓದುತ್ತಿದ್ದವನು ಅಲ್ಲಿ ನಿರಕ್ಷರಿ. ಮುಂದೆ ಅಮೆರಿಕದ ಪ್ರಜೆಗಳೇ ಆದ ಪೋರ್ಟೊ ರಿಕೊದವರು, ಸ್ಪ್ಯಾನಿಷ್ ಮಾಧ್ಯಮದಲ್ಲಿ ಓದಿದವರು, ದೊಡ್ಡ ಸಂಖ್ಯೆಯಲ್ಲಿ ಆ ನಗರಕ್ಕೆ ಬಂದಾಗ ಅವರೂ ನಿರಕ್ಷರಿಗಳಾದರು. ಆ ದ್ವೀಪದ ಶಾಲೆಯಲ್ಲಿ ಆರನೆಯ ತರಗತಿ ಮುಗಿಸಿದವರಿಗೆ ಮತ ನಿರಾಕರಿಸಕೂಡದೆಂದು ೧೯೬೫ರ ಕಾಯಿದೆ ವಿಧಿಸಿತು. ೧೯೬೬ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಭಾಷೆಯನ್ನೇ ತಡೆಗೋಡೆಯಾಗಿ ಮಾಡುವ ಈ ತಂತ್ರದ ಪೆಟ್ಟನ್ನು ಭಾರತೀಯರು ಬಹಳ ಮೊದಲೇ ತಿಂದಿದ್ದರು. ದಕ್ಷಿಣ ಆಫ್ರಿಕದ ನಟಾಲ್ ವಸಾಹತಿನಲ್ಲಿ ಭಾರತೀಯರ ಮತಾಧಿಕಾರವನ್ನು ಕಿತ್ತುಕೊಳ್ಳುವ ಮಸೂದೆಯ ವಿರುದ್ಧ ಗಾಂಧೀಜಿ ೧೮೯೪ರಲ್ಲಿ ಮನವಿಪತ್ರಗಳನ್ನು ಸಲ್ಲಿಸಿದರು. ೧೮೯೬ರಲ್ಲಿ ಅಂಗೀಕಾರವಾದ ಕಾನೂನು ಭಾರತೀಯರ ಹೆಸರೆತ್ತದೆ, ಪಾರ್ಲಿಮೆಂಟರಿ ಪ್ರಾತಿನಿಧಿಕ ಸಂಸ್ಥೆಗಳಿಲ್ಲದ ದೇಶಗಳಿಂದ ಬಂದವರನ್ನು ಹೊರಗಿಟ್ಟಿತು. ಮರುವರ್ಷದ ವಲಸೆ ಕಾನೂನು ಐರೋಪ್ಯ ಭಾಷೆಯೊಂದರಲ್ಲಿ ಅರ್ಜಿ ಬರೆಯುವ ಷರತ್ತನ್ನು ಹಾಕಿತು. ಮಿಸಿಸಿಪಿಯ ಮಾದರಿ ನಟಾಲಿಗೆ ಪ್ರೇರಣೆಯಾಗಿತ್ತೆಂದು ಇತ್ತೀಚಿನ ಇತಿಹಾಸಕಾರರು ವಾದಿಸಿದ್ದಾರೆ. ೧೯೦೧ರಲ್ಲಿ ಆಸ್ಟ್ರೇಲಿಯ ಇದನ್ನೇ ಉಕ್ತಲೇಖನದ ಪರೀಕ್ಷೆಯಾಗಿ ರೂಪಿಸಿಕೊಂಡಿತು. ಅಲ್ಲಿ ೧೯೩೪ರಲ್ಲಿ ಹಲವು ಭಾಷೆಗಳನ್ನು ಬಲ್ಲ ಎಗೊನ್ ಕಿಶ್ ಎಂಬ ಲೇಖಕನನ್ನು ಹೇಗಾದರೂ ಹೊರಗಿಡಬೇಕೆಂದು ಅಧಿಕಾರಿಗಳು ಅವನಿಗೆ ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು. ಗೇಲಿಕ್ ಆ ಕಾನೂನಿನ ಅರ್ಥದಲ್ಲಿ ಐರೋಪ್ಯ ಭಾಷೆಯಲ್ಲವೆಂದು ಅಲ್ಲಿಯ ಉಚ್ಚ ನ್ಯಾಯಾಲಯ ತೀರ್ಮಾನಿಸಿದಾಗ ಸ್ಕಾಟ್ ಜನ ಕೆರಳಿದರು.

ಬ್ರಿಟಿಷ್ ಭಾರತದಲ್ಲಿಯೂ ಮತಾಧಿಕಾರಕ್ಕೆ ವಿದ್ಯಾರ್ಹತೆಯ ಸೋಂಕಿತ್ತು. ಆದರೆ ೧೯೩೫ರ ಕಾಯಿದೆಯಲ್ಲಿ ಅಕ್ಷರವು ಆಸ್ತಿ, ತೆರಿಗೆಗಳ ಜೊತೆಗೆ ಒಂದು ಪರ್ಯಾಯ ಅರ್ಹತೆ ಎಂಬ ವ್ಯತ್ಯಾಸವನ್ನು ಮರೆಯಬಾರದು. ಆಸ್ತಿಯಿಲ್ಲದ ಹಲವರಿಗೆ, ಮುಖ್ಯವಾಗಿ ಹೆಂಗಸರಿಗೆ, ಅದು ಒಳಬರುವ ದಾರಿಯಾಗಿತ್ತು. ಹಾಗಿದ್ದರೂ ಅಕ್ಷರವನ್ನು ಪೂರ್ವಷರತ್ತಾಗಿಸುವ ವಾದ ನಮ್ಮಲ್ಲಿ ಬಲವಾಗಿಯೇ ಇತ್ತು. ಅದಕ್ಕೆ ಡಾ. ಅಂಬೇಡ್ಕರರು ೧೯೨೯ರಲ್ಲಿ ಸೈಮನ್ ಆಯೋಗದ ವಿಚಾರಣೆಯ ಸಂದರ್ಭದಲ್ಲಿ, ಮುಂಬಯಿ ಪ್ರಾಂತ್ಯದ ಕುರಿತ ತಮ್ಮ ಪ್ರತ್ಯೇಕ ವರದಿಯಲ್ಲಿ ಉತ್ತರ ಕೊಟ್ಟರು. ನಿರಕ್ಷರಿಯೆಂದರೆ ಬುದ್ಧಿಹೀನನೆಂದು ತಿಳಿಯುವುದು ಒಂದು ತಪ್ಪು, ಅಕ್ಷರ ಬಂದ ಮಾತ್ರಕ್ಕೆ ಬುದ್ಧಿ ಹೆಚ್ಚುತ್ತದೆಂದು ತಿಳಿಯುವುದು ಇನ್ನೊಂದು ಎಂಬುದು ಅವರ ವಾದದ ಸಾರ. ಶತಮಾನಗಳ ಕಾಲ ಅಕ್ಷರದಿಂದ ದೂರವಿಟ್ಟ ಜನರ ಪರವಾಗಿ ಆಡಿದ ಮಾತಿದು.

೧೯೫೧ರ ಜನಗಣತಿಯಲ್ಲಿ ಸಾಕ್ಷರತೆ ಶೇಕಡ ೧೮ರಷ್ಟಿದ್ದ ದೇಶ ಸಂವಿಧಾನದ ೩೨೬ನೆಯ ವಿಧಿಯ ಮೂಲಕ ವಯಸ್ಕ ಮತದಾನವನ್ನು ಒಪ್ಪಿಕೊಂಡಿತು. ಸುಮಾರು ೧೭ ಕೋಟಿ ಜನರ ಪಟ್ಟಿ ಸಿದ್ಧವಾಯಿತು. ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದ ಸುಮಾರು ೨೮ ಲಕ್ಷ ಹೆಂಗಸರನ್ನು ಆ ಪಟ್ಟಿಯಿಂದ ಕೈಬಿಡಬೇಕಾಯಿತೆಂಬುದೂ ಇದೇ ಚರಿತ್ರೆಯ ಭಾಗ. ೧೯೪೯ರ ನವೆಂಬರ್ ೨೬ರಂದು ಸಂವಿಧಾನ ಸಭೆಯನ್ನು ಉದ್ದೇಶಿಸಿ ಮಾತನಾಡಿದ ಬಾಬು ರಾಜೇಂದ್ರಪ್ರಸಾದರು ಹಳ್ಳಿಯ ಜನರ ವಿವೇಕದಲ್ಲಿ ಪೂರ್ಣ ವಿಶ್ವಾಸ ವ್ಯಕ್ತಪಡಿಸಿದರು. ಶಾಸಕರಾಗುವವರಿಗೆ ಮಾತ್ರ ಯಾವ ಅರ್ಹತೆಯನ್ನೂ ನಿಗದಿಪಡಿಸದಿದ್ದುದಕ್ಕೆ ಅದೇ ಭಾಷಣದಲ್ಲಿ ವಿಷಾದಿಸಿದರು.

ಆ ವಿಷಾದ ೨೦೧೫ರಲ್ಲಿ ಪಂಚಾಯತಿಗಳ ಮಟ್ಟದಲ್ಲಿ ಕಾನೂನಿನ ರೂಪ ತಾಳಿತು. ಹರಿಯಾಣ ರಾಜ್ಯ ಪಂಚಾಯತಿ ಚುನಾವಣೆಗೆ ನಿಲ್ಲುವ ಸಾಮಾನ್ಯ ವರ್ಗದ ಪುರುಷರಿಗೆ ಹತ್ತನೆಯ ತರಗತಿ, ಹೆಂಗಸರಿಗೂ ಪರಿಶಿಷ್ಟ ಜಾತಿಯವರಿಗೂ ಎಂಟನೆಯ ತರಗತಿ, ಪಂಚಾಯತಿ ಸದಸ್ಯತ್ವಕ್ಕೆ ನಿಲ್ಲುವ ಪರಿಶಿಷ್ಟ ಜಾತಿಯ ಹೆಂಗಸರಿಗೆ ಐದನೆಯ ತರಗತಿ ಎಂದು ಗೊತ್ತುಮಾಡಿತು. ರಾಜಬಾಲಾ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಅದೇ ವರ್ಷದ ಡಿಸೆಂಬರಿನಲ್ಲಿ ಇದನ್ನು ಎತ್ತಿಹಿಡಿಯಿತು. ಒಳಿತು ಕೆಡುಕುಗಳನ್ನು ವಿವೇಚಿಸುವ ಶಕ್ತಿ ಶಿಕ್ಷಣದಿಂದ ಬರುತ್ತದೆಂಬುದು ತೀರ್ಪಿನ ಒಂದು ಆಧಾರ. ಇಲ್ಲಿ ಪ್ರಶ್ನೆಯಿದ್ದುದು ಮತ ಹಾಕುವ ಹಕ್ಕಿನದಲ್ಲ, ಮತ ಕೇಳುವ ಹಕ್ಕಿನದು. ಪ್ರಮಾಣಪತ್ರ ನೋಡುವ ಅಧಿಕಾರಿಗೆ ಮಿಸಿಸಿಪಿಯ ಗುಮಾಸ್ತನಿಗಿದ್ದ ಸ್ವೇಚ್ಛೆಯೂ ಇರಲಿಲ್ಲ. ಆದರೆ ಶಾಲೆಯನ್ನು ಒದಗಿಸಬೇಕಾಗಿದ್ದ ಪ್ರಭುತ್ವವೇ ಶಾಲೆಯ ಪ್ರಮಾಣಪತ್ರವನ್ನು ಕೇಳಿತ್ತು. ಇಂಥದೇ ನಿಯಮವನ್ನು ಮೊದಲೇ ತಂದಿದ್ದ ರಾಜಸ್ಥಾನ ೨೦೧೯ರಲ್ಲಿ ಅದನ್ನು ಹಿಂತೆಗೆದುಕೊಂಡಿತು.